ಮಾವ ಸೋತ ಸಭೆ

ಮಾವನ ಹಣೆಯ ವಿಭೂತಿ ಕೋಲ್ಕತ್ತಾದ ಬೆವರಿಗೆ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. ಮೂರು ಗೆರೆಗಳೂ ಕರಗಿ ಕೆಳಗಿಳಿದು, ಹುಬ್ಬುಗಳು ಹಿಟ್ಟು ಮೆತ್ತಿದಂತೆ ಕಾಣುತ್ತಿದ್ದವು. ಬೀದಿಯ ಮೀನಿನಂಗಡಿಯವನು, "ಕಾಕು, ಇವತ್ತು ಪೌಡರ್ ಜಾಸ್ತಿಯಾಯಿತು" ಎಂದು ನಗುತ್ತಿದ್ದ. ಇಲ್ಲಿ ಚಿಕ್ಕಪ್ಪನನ್ನು ಕಾಕು ಎನ್ನುತ್ತಾರೆ. ಇಡೀ ಓಣಿಗೆ ಅವರು ಕಾಕು. "ನಿನ್ನ ಮೀನಿಗೆ ಬರ್ಫ, ನನ್ನ ಹಣಿಗೆ ಇದು" ಎಂದು ಮಾವ ಮುಂದೆ ನಡೆಯುತ್ತಿದ್ದರು. ಅವರ ಹಿಂದಿಯಲ್ಲೂ ಬಂಗಾಳಿಯಲ್ಲೂ ಧಾರವಾಡವೇ ಕೇಳಿಸುತ್ತಿತ್ತು.

ರೈಲ್ವೆ ನೌಕರಿಗೆಂದು ಬಂದವರು ನಿವೃತ್ತಿಯಾದ ಮೇಲೂ ಜಾದವ್‌ಪುರದ ಈ ನಾಲ್ಕನೆಯ ಮಹಡಿಯ ಮನೆಯಲ್ಲಿಯೇ ಉಳಿದರು. ಬೆಳಿಗ್ಗೆ ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಪೂಜೆಗೆ ಕುಳಿತರೆ ಬಾಗಿಲು ಬಡಿದರೂ ಏಳುತ್ತಿರಲಿಲ್ಲ. ಪೂಜೆ ಮುಗಿದ ಮೇಲೆ ಪೂರ್ತಿ ಕಟ್ಟಡದ ಮನುಷ್ಯ. ಸಮಿತಿಯ ಅಧ್ಯಕ್ಷರಾಗಿ ಪಂಪು, ಲಿಫ್ಟು, ಕಸ ಎಲ್ಲವನ್ನೂ ನೋಡುತ್ತಿದ್ದರು. ಸಭೆಯಲ್ಲಿ ಯಾರಾದರೂ ಮಾತು ತೇಲಿಸಿದರೆ, "ಅದಿರಲಿ, ಖರೇ ಕಾರಣ ಏನು?" ಎಂದು ಕೇಳುವುದು ಅವರ ರೂಢಿ. ಅದಕ್ಕೆ ಕೆಲವರು ಸಿಟ್ಟಾಗುತ್ತಿದ್ದರು. ಮನೆಯಲ್ಲಿ ಮಗನೂ ಸೊಸೆಯಾದ ನಾನೂ ಆಗುತ್ತಿದ್ದೆವು.

ಅತ್ತೆ ತೀರಿಕೊಂಡಾಗ ನಮ್ಮ ಪದ್ಧತಿಯಂತೆ ಅವರಿಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಕುರ್ಚಿಯಲ್ಲಿ ಕೂರಿಸಿದೆವು. ಮನೆ ಚಿಕ್ಕದು. ಅದಕ್ಕೇ ಕೆಳಗೆ ಕಟ್ಟಡದವರೆಲ್ಲರಿಗೂ ಸೇರಿದ ಹಾಲ್‌ನಲ್ಲಿ ಕೂರಿಸಿದ್ದು. ನಾವು ಹೂವಿನ ಹಾರ ಇಳಿಸಿಕೊಳ್ಳಲು ಬಾಗಿಲ ಹೊರಗೆ ಹೋಗಿದ್ದ ಸಮಯದಲ್ಲಿ ಮೂರನೆಯ ಮಹಡಿಯ ಮಾಶಿಮಾ ಪೇಟೆಯಿಂದ ಬಂದರು. ವಯಸ್ಸಾದ ಬಂಗಾಳಿ ಹೆಂಗಸು, ಎಲ್ಲರಿಗೂ ಮಾಶಿಮಾ, ಅಂದರೆ ಚಿಕ್ಕಮ್ಮ; ಕಣ್ಣೂ ಮಂಜು. ಅತ್ತೆ ಕುಳಿತದ್ದನ್ನು ಕಂಡು ಹತ್ತಿರ ಹೋಗಿ, "ಜ್ವರ ಬಿಟ್ಟಿತಾ ದೀದಿ? ಗಾಳಿಗೆ ಇಳಿದು ಬಂದಿರಾ?" ಎಂದು ಕೇಳಿ ಕೈ ಹಿಡಿದರು. ನಾನು ಓಡಿ ಬರುವಷ್ಟರಲ್ಲಿ ಅವರ ಚೀಲದ ಆಲೂಗಡ್ಡೆಗಳು ನೆಲದ ಮೇಲೆ ಉರುಳುತ್ತಿದ್ದವು.

ಅದಾದ ಕೆಲವೇ ವಾರಗಳಲ್ಲಿ, ಇನ್ನು ಮುಂದೆ ಹಾಲ್‌ನಲ್ಲಿ ಶವ ಇಡಬಾರದು ಎಂಬ ವಿಷಯ ಸಭೆಗೆ ಬಂತು.

ಆಗಲೇ ಮಾವ ನನಗೆ ಹೇಳಿದ್ದರು, "ಆಕಿ ಕೂತ ಜಾಗದಾಗ ನಾನೂ ಒಂದಿನ ಕೂಡಬೇಕವ್ವಾ. ಅಲ್ಲಿಂದನ ಹೋಗಬೇಕು." ಬೇರೆ ಏನನ್ನೂ ಅವರು ನಮ್ಮಿಂದ ಕೇಳಿದವರಲ್ಲ.

ಎರಡನೆಯ ಮಹಡಿಯ ತರುಣ ವಕೀಲ ನಮ್ಮ ಪರವಾಗಿದ್ದ. ಹಿಂದಿನ ಸಂಜೆ ಮನೆಗೆ ಬಂದು, "ಕಾಕು, ನಾಳೆ ದೇವರು, ಲಿಂಗ ಅಂತ ಏನೂ ಎತ್ತಬೇಡಿ. ಧರ್ಮ ಮನೆಯೊಳಗಿರಲಿ. ಲಿಫ್ಟ್ ಚಿಕ್ಕದು, ಸ್ಟ್ರೆಚರ್ ಹಿಡಿಸಲ್ಲ, ಕೆಳಗೇ ಇಡಬೇಕಾಗುತ್ತೆ ಅಂತಷ್ಟೇ ಹೇಳಿ. ಯಾರೂ ಬೇಡ ಅನ್ನೋಕಾಗಲ್ಲ" ಎಂದ.

"ಲಿಫ್ಟ್ ಸಣ್ಣದು ಖರೇ. ಆದ್ರ ನಾ ಕೇಳೂದು ಅದಕ್ಕಲ್ಲಲ್ಲೋ."

"ಗೆಲ್ಲಬೇಕೋ ಬೇಡವೋ?"

"ಗೆಲ್ಲಬೇಕು. ಆದ್ರ ಮಂದಿ ಯಾರ ಜೋಡಿ ವಾದಾ ಮಾಡಾಕತ್ತಾರ ಅನ್ನೂದು ಅವರಿಗೆ ಗೊತ್ತಿರಬೇಕಲ್ಲ? ನಾ ನನ್ನ ನಂಬಿಕಿ ಹೇಳ್ತೀನಿ. ಅವರು ಅದನ್ನ ಒಪ್ಪಲೇಬೇಕಂತೇನಿಲ್ಲ."

ವಕೀಲ ತಲೆಗೆ ಕೈ ಹಚ್ಚಿಕೊಂಡು, "ನಿಮ್ಮ ಕೇಸ್ ನಾನು ತಗೋಳಲ್ಲ ಕಾಕು" ಎಂದ. ಮಾವ ಅವನ ತಟ್ಟೆಗೆ ಇನ್ನೊಂದು ಉಂಡೆ ಹಾಕಿದರು.

ಮರುದಿನ ಮಾವ ಅಧ್ಯಕ್ಷರ ಕುರ್ಚಿ ಬಿಟ್ಟು ಎಲ್ಲರ ನಡುವೆ ಬಂದು ಕುಳಿತರು. ತನ್ನ ಸ್ವಂತ ವಿಷಯಕ್ಕೆ ತಾನೇ ಅಧ್ಯಕ್ಷನಾಗಬಾರದು ಎಂದರು. ಒಬ್ಬರು ಟೈಲ್ಸ್ ಹಾಳಾಗುತ್ತದೆ ಎಂದರು. ಇನ್ನೊಬ್ಬರು ರೋಗಾಣು ಎಂದರು. ಮಾಶಿಮಾ ಕೂಡ "ಹೌದು, ಟೈಲ್ಸ್" ಎಂದರು. ಮಾವ ಎದ್ದು ನಿಂತು, ಸತ್ತವರನ್ನು ಯಾಕೆ ಕೂರಿಸುತ್ತೇವೆ, ಲಿಂಗ ಧರಿಸಿದವರ ದೇಹ ನಮ್ಮ ಪಾಲಿಗೆ ಏನು ಎಂಬುದನ್ನು ತಮ್ಮ ಮುರುಕು ಬಂಗಾಳಿಯಲ್ಲಿ ಹೇಳಿದರು. ಆಮೇಲೆ ಮಾಶಿಮಾರತ್ತ ತಿರುಗಿ, "ದೀದಿ, ಟೈಲ್ಸ್ ಬಿಡ್ರಿ. ಖರೇ ಕಾರಣ ಏನು?" ಎಂದರು.

ಮಾಶಿಮಾ ಸೆರಗನ್ನು ಬೆರಳಿಗೆ ಸುತ್ತಿಕೊಂಡರು. "ನಾವು ಲಕ್ಷ್ಮೀಪೂಜೆ ಮಾಡೋದು ಅಲ್ಲೇ ದಾದಾ. ಆವತ್ತು ನಾನು ಅವಳನ್ನು ಮಾತಾಡಿಸಿಬಿಟ್ಟೆ. ಸತ್ತವರನ್ನು ಮಾತಾಡಿಸಿದರೆ ಅವರು ಹೋಗದೆ ಉಳೀತಾರೆ ಅಂತ ನಮ್ಮಮ್ಮ ಹೇಳ್ತಿದ್ದಳು. ಈಗ ಅಲ್ಲಿ ದೀಪ ಹಚ್ಚೋಕೆ ಹೋದರೆ ಅವಳೇ ಕೂತಿರ್ತಾಳೆ. ಹಚ್ಚದೇ ವಾಪಸ್ ಬರ್ತೀನಿ."

ಯಾರೋ ಹಿಂದೆ ಕಿಸಕ್ಕೆಂದರು. ಮಾವ ಅತ್ತ ತಿರುಗಿ ಜೋರಾಗಿ ಗದರಿದರು. ಮಾಶಿಮಾರಿಗೆ ಮಾತ್ರ ಮೆಲ್ಲಗೆ, "ಇದು ನನಗ ಗೊತ್ತಿರಲಿಲ್ಲ ದೀದಿ. ತಪ್ಪಾತು. ಆದ್ರೂ ನಾ ಕೇಳಾವನ" ಎಂದರು. ಅವರೂ, "ನಾನೂ ಬೇಡ ಅನ್ನೋಳೇ" ಎಂದರು.

ಕೈಗಳು ಮೇಲೆದ್ದವು. ಮಾವ ಸೋತರು.

ಮೆಟ್ಟಿಲೇರುವಾಗ ವಕೀಲ, "ಹೇಳಿದ್ದೆನಲ್ಲ" ಎಂದು ಗೊಣಗಿದ. "ಟೈಲ್ಸಿಗೆ ಸೋತಿದ್ರ ನಿದ್ದಿ ಬರ್ತಿರಲಿಲ್ಲ. ಒಬ್ಬ ಮನಷ್ಯಾಗ ಸೋತೆ, ಅಷ್ಟ" ಎಂದರು ಮಾವ. ಆದರೂ ಅಂದು ಅವರು ಊಟ ಮಾಡಲಿಲ್ಲ. ಆಮೇಲೆ ಎಷ್ಟೋ ದಿನ ಹಾಲ್ ಮುಂದೆ ಹಾದು ಹೋಗುವಾಗ ಒಳಗೆ ನೋಡುತ್ತಿರಲಿಲ್ಲ.

ಈ ಚಳಿಗಾಲದಲ್ಲಿ ಅವರೂ ಹೋದರು. ನನ್ನನ್ನು ಬೌದಿ, ಅಂದರೆ ಅತ್ತಿಗೆ, ಎನ್ನುವ ವಕೀಲ ಓಡಿ ಬಂದು, "ಹಾಲ್ ತೆಗೆಸ್ತೀನಿ ಬೌದಿ. ಇವತ್ತು ಯಾರೂ ಏನೂ ಅನ್ನಲ್ಲ" ಎಂದ. ನನ್ನ ಗಂಡ ನನ್ನ ಮುಖ ನೋಡಿದರು. ಮಾವನ ಒಂದೇ ಆಸೆ ಅದು. ಒಂದು ಕ್ಷಣ ಹೂಂ ಎನ್ನಬೇಕೆನ್ನಿಸಿತು. ಆದರೆ ಬದುಕಿದ್ದಾಗ ಸೋತದ್ದನ್ನು ಸತ್ತು ಗೆಲ್ಲುವುದು ಅವರಿಗೆ ಹಿಡಿಸುತ್ತಿರಲಿಲ್ಲ. ಬೇಡ ಎಂದೆ. ಮಂಚ ಎತ್ತಿ ಹೊರಗಿಟ್ಟು ಮನೆಯಲ್ಲೇ ಕೂರಿಸಿದೆವು. ಜನ ಮೆಟ್ಟಿಲ ಮೇಲೆ ಸಾಲು ನಿಂತು, ಒಬ್ಬೊಬ್ಬರಾಗಿ ಒಳಗೆ ಬಂದರು.

ಮಾಶಿಮಾ ನಾಲ್ಕನೆಯ ಮಹಡಿಯವರೆಗೆ ಗೋಡೆ ಹಿಡಿದು ಹತ್ತಿ ಬಂದರು. ನನ್ನ ಪಕ್ಕ ಕುಳಿತು, "ಅವರು ಕೆಳಗಿಲ್ಲದಿರೋದು ನನ್ನಿಂದ. ನಾಳೆ ಮತ್ತೆ ಕೇಳಿದರೂ ನಾನು ಬೇಡ ಅಂತಲೇ ಅಂತೀನಿ ಬೌಮಾ" ಎಂದು ಅತ್ತರು. ಇಲ್ಲಿ ಸೊಸೆಯನ್ನು ಬೌಮಾ ಎನ್ನುತ್ತಾರೆ. ನಾನು ಅವರ ಕೈ ಹಿಡಿದುಕೊಂಡೆ. ಅವತ್ತು ಬಂದವರೆಲ್ಲ ಮಾವನನ್ನು ಹೊಗಳಿದರು. ಆದರೆ ಮಾಶಿಮಾ ಆಡಿದಷ್ಟು ಗೌರವದ ಮಾತನ್ನು ಮತ್ತೊಬ್ಬರು ಆಡಲಿಲ್ಲ.

ಊರಂಚಿನ ಜೋಕಾದಿಂದಾಚೆ ಹೂಳಲು ಒಂದು ನೆಲವನ್ನು ವಕೀಲನೇ ವಿಚಾರಿಸಿ ಹುಡುಕಿದ್ದ. ಬೇಡವೆಂದರೂ ಮಾಶಿಮಾ ನಮ್ಮ ಜೊತೆ ಬಂದರು. ನಾವೆಲ್ಲ ಒಂದೊಂದು ಹಿಡಿ ಮಣ್ಣು ಹಾಕಿ ಹಿಂದೆ ಸರಿದಾಗ ಅವರು ನನ್ನ ಬಳಿ ಬಂದು, "ನಾನೂ ಹಾಕಬಹುದಾ? ನಿಮ್ಮ ಧರ್ಮದಲ್ಲಿ ನಡೆಯುತ್ತಾ?" ಎಂದು ಕೇಳಿದರು.

ನಡೆಯುತ್ತದೋ ಇಲ್ಲವೋ ನನಗೆ ತಿಳಿದಿರಲಿಲ್ಲ. ಇಂಥದ್ದನ್ನೆಲ್ಲ ನಾನು ಮಾವನನ್ನೇ ಕೇಳುತ್ತಿದ್ದೆ.

"ಹಾಕಿ ಮಾಶಿಮಾ" ಎಂದೆ.