ಕಡಲಿಗೆ ಬೆನ್ನು ಹಾಕಿದ ಆರನೇ ನಂಬರು

ಅದೆರಿತೊ ಸಲ್ಗಾದೊ ತನ್ನ ಅರ್ಧ ಆಯುಷ್ಯ ಕಾಲ್ಚೆಂಡು ಆಡಿಯೇ ಹೊಟ್ಟೆ ಹೊರೆದವನು. ಅಷ್ಟು ಕಾಲ ಮೈದಾನದ ನಡುವೆ ನಿಂತು ಅವನು ಏನು ಮಾಡುತ್ತಿದ್ದ ಎಂದು ನಮ್ಮ ಸಾಂತಾ ಮರಿನ್ಯಾದಲ್ಲಿ ಯಾರನ್ನು ಕೇಳಿದರೂ ನೆಟ್ಟಗೆ ಹೇಳಲು ಬರುತ್ತಿರಲಿಲ್ಲ. ಗೋಲು ಹೊಡೆಯುವವನಲ್ಲ, ಗೋಲು ತಡೆಯುವವನೂ ಅಲ್ಲ. ಮಿಡ್‌ಫೀಲ್ಡರ್ ಅಂತೆ. ಮೀನು ಹಿಡಿಯದೆ, ತಿನ್ನದೆ, ನಡುವೆ ಓಡಾಡಿಕೊಂಡಿರುವವರನ್ನು ನಾವು ದಲ್ಲಾಳಿ ಎನ್ನುತ್ತೇವೆ. ದಲ್ಲಾಳಿಗಳ ಮನೆಗೆ ಎರಡು ಮಹಡಿ ಇರುತ್ತದೆ. ಅದೆರಿತೊಗೆ ಇದ್ದದ್ದು ಮಾವನ ಮನೆಯ ಹಿಂದಿನ ಎರಡು ಕೋಣೆ.

ಅವನು ಆಟಗಾರನಾದದ್ದು ಕಡಲಿನ ದೆಸೆಯಿಂದ. ನಮ್ಮೂರಿನ ಗಂಡುಮಕ್ಕಳೆಲ್ಲ ದೋಣಿ ಹತ್ತುತ್ತಾರೆ. ಇವನೂ ಹತ್ತಿದ. ಬಂದರಿನ ತಡೆಗೋಡೆ ದಾಟುವ ಮೊದಲೇ ಹೊಟ್ಟೆಯಲ್ಲಿದ್ದುದನ್ನೆಲ್ಲ ನೀರಿಗೆ ಕೊಟ್ಟ. ಮತ್ತೆ ಹತ್ತಿಸಿದರು, ಮತ್ತೆ ಅದೇ ಕಥೆ. "ಕರ್ಕೊಂಡ್ ಹೋಗೋಣ ಬಿಡ್ರೋ, ಗಾಳಕ್ಕೆ ಎರೆ ಹಾಕೋ ಖರ್ಚು ಉಳಿಯತ್ತೆ" ಎಂದು ದೋಣಿಯವರು ನಕ್ಕರು. ಹುಡುಗ ನಗಲಿಲ್ಲ. ಮೀಸೆ ಮೂಡುವ ಹೊತ್ತಿಗೆ ಉತ್ತರದ ಬೆಟ್ಟದ ಊರೊಂದರ ಕ್ಲಬ್ಬಿಗೆ ಆಡಲು ಹೊರಟುಹೋದ. ಆಮೇಲೆ ಸ್ಪೇನಿನ ಗಡಿಯ ಹತ್ತಿರದ ಇನ್ನೊಂದು ಊರು. ಒಂದೇ ಒಂದು ವರ್ಷ ಮೊದಲ ದರ್ಜೆಯಲ್ಲಿ ಆಡಿದ. ಆಮೇಲೆ ಹಂಗೇರಿ. ಅವನು ಆಡಿದ ಊರುಗಳನ್ನು ನಕ್ಷೆಯಲ್ಲಿ ನೋಡಿದರೆ ಎಲ್ಲವೂ ಕಡಲಿಗೆ ಬೆನ್ನು ಹಾಕಿ ಕೂತಂಥವು. ಹಂಗೇರಿಯಲ್ಲಂತೂ ಕಡಲೇ ಇಲ್ಲ. ಅಲ್ಲಿದ್ದಾಗ ಬಹಳ ಸುಖವಾಗಿದ್ದನಂತೆ.

ನಮ್ಮ ಹಳೆಯ ಎಸ್ಕುದೊ ನಾಣ್ಯ ಹೋಗಿ ಯೂರೋ ಬಂದ ವರ್ಷ ಮಂಡಿಗೆ ಹೊಲಿಗೆ ಹಾಕಿಸಿಕೊಂಡು ಊರಿಗೆ ಮರಳಿದ. ನಮ್ಮ ಯೂನಿಯನ್ ಕ್ಲಬ್ಬು ಅವನಿಗೆ ಆರನೇ ನಂಬರಿನ ಅಂಗಿ ಕೊಟ್ಟು, ದೋಣಿ ಹತ್ತುವುದು ತಪ್ಪುವಷ್ಟು ಸಂಬಳವನ್ನೂ ಕೊಟ್ಟಿತು. ಹೀಗೆ ಕೆಲವು ವರ್ಷ ನಡೆಯಿತು. ಒಂದು ವಸಂತದಲ್ಲಿ ಅವನ ಹೆಂಡತಿ ಇದಾಲಿನಾ ಮಾರುಕಟ್ಟೆಯಲ್ಲಿ ನನ್ನ ಮೀನಿನ ಕಟ್ಟೆಯ ಮುಂದೆ ಬಂದು ನಿಂತಳು. ಊರಿನ ಕಿರಿಯರೆಲ್ಲರ ಹಾಗೆ ಅವಳಿಗೂ ನಾನು ತಿಯಾ, ಅಂದರೆ ಅತ್ತೆ. ಅವಳು ಮೀನು ನೋಡಲಿಲ್ಲ.

"ತಿಯಾ ಫೆಲಿಸ್ಬೆಲಾ, ಅಪ್ಪ ಮಳೆಕೋಟು ತಂದು ಬಾಗಿಲ ಹಿಂದೆ ನೇತು ಹಾಕಿದಾರೆ. ದೋಣಿಗೆ ಹಾಕ್ಕೊಳೋದು. ಅದೆರಿತೊ ಅಳತೇದು."

"ಈಗ್ಲೇನಾ?"

"ಈ ವರ್ಷದ್ ಆಟಗಳು ಮುಗಿದ್ ಮೇಲೆ ಕ್ಲಬ್ಬಿನೋರು ಇವರನ್ನ ಬಿಟ್ ಬಿಡ್ತಾರಂತೆ. ಅಧ್ಯಕ್ಷರೇ ಅಪ್ಪಂಗೆ ಹೇಳಿದಾರೆ. ಇವ್ರು ಊಟಕ್ಕೆ ಕೂತ್ರೆ ಆ ಕೋಟು ಕಾಣತ್ತೆ. ನೆಲದ್ ಮೇಲೆ ಕೂತೇ ಬಿಳುಚ್ಕೋತಾರೆ ತಿಯಾ."

ಕ್ಲಬ್ಬಿನ ಅಧ್ಯಕ್ಷ ಗಾಸ್ಪಾರ್ ದೋಣಿಗೆ ಬಳಿಯುವ ಬಣ್ಣದ ಅಂಗಡಿಯವನು. ಸಂಜೆ ಕ್ಲಬ್ಬಿನ ಕಾಫಿಕಟ್ಟೆಯಲ್ಲಿ ಇಸ್ಪೀಟು ಹಿಡಿದು ಕೂತಿದ್ದ.

"ಸೆನ್ಯೋರ್ ಗಾಸ್ಪಾರ್, ಅದೆರಿತೊನ ಬಿಡ್ತೀರಂತೆ?"

"ಅವ್ನು ಏನ್ ಮಾಡ್ತಾನೆ, ನೀನೇ ಹೇಳು ಫೆಲಿಸ್ಬೆಲಾ. ಚೆಂಡು ಬಂದ್ರೆ ಪಕ್ಕಕ್ಕೆ ತಳ್ತಾನೆ. ಪಕ್ಕಕ್ಕೆ ಹೋಗೋದು ಏಡಿ. ಏಡೀನ ನಾನು ತಿಂತೀನಿ, ಸಂಬಳ ಕೊಟ್ಟು ಸಾಕಲ್ಲ."

ಇಡೀ ಮೇಜು ನಕ್ಕಿತು. ಸೋತು ಎದ್ದು ಬರುವುದು ನನಗೆ ರೂಢಿಯಿಲ್ಲ. ಆ ಭಾನುವಾರ ಮೈದಾನಕ್ಕೆ ಹೋದೆ. ಚೆಂಡು ಎಲ್ಲಿಗಾದರೂ ಹಾಳಾಗಿ ಹೋಗಲಿ ಎಂದು ಅದೆರಿತೊ ಒಬ್ಬನನ್ನೇ ನೋಡುತ್ತ ಕೂತೆ.

ಮೊದಮೊದಲು ಅವನು ಅಂಗಳದಲ್ಲಿ ಕಳೆದ ಕೀಲಿಕೈ ಹುಡುಕುವವನ ಹಾಗೆ ಸುಮ್ಮನೆ ಸುಳಿದಾಡುತ್ತಿದ್ದ. ಎದುರಾಳಿಯೊಬ್ಬ ಚೆಂಡು ಒದೆಯಲು ಕಾಲೆತ್ತುತ್ತಿದ್ದ, ಇವನು ನಾಲ್ಕು ಹೆಜ್ಜೆ ನಡೆದು ಒಂದು ಕಡೆ ನಿಲ್ಲುತ್ತಿದ್ದ, ಅವನು ಮನಸ್ಸು ಬದಲಾಯಿಸಿ ಚೆಂಡನ್ನು ಹಿಂದಕ್ಕೆ ಕೊಡುತ್ತಿದ್ದ. ಇವನ ಕಾಲಿಗೆ ಚೆಂಡು ಬಂದಾಗ ಎಡಗಡೆಗೆ ಆಸೆಯಿಂದ ನೋಡುತ್ತಿದ್ದ. ಎದುರಿನವರೆಲ್ಲ ಎಡಕ್ಕೆ ವಾಲುತ್ತಿದ್ದರು. ಚೆಂಡು ಬಲಕ್ಕೆ ಹೋಗಿರುತ್ತಿತ್ತು.

ಆ ನೋಟ ನನಗೆ ಗುರುತು ಸಿಕ್ಕಿತು. ಅದು ನನ್ನದೇ.

ನಮ್ಮ ಹರಾಜು ಕಟ್ಟೆಯಲ್ಲಿ ದರ ಮೇಲಿನಿಂದ ಕೆಳಗಿಳಿಯುತ್ತದೆ. ಮೊದಲು ಕೂಗಿ ನಿಲ್ಲಿಸಿದವರಿಗೆ ಮೀನು. ನನಗೆ ದುಬಾರಿ ನಂಗು ಮೀನು ಬೇಕು ಎಂದು ಗೊತ್ತಾದರೆ ಪಕ್ಕದವನು ನನಗಿಂತ ಮೊದಲೇ ಕೂಗುತ್ತಾನೆ. ಅದಕ್ಕೆ ನಾನು ಬಂಗುಡೆಯ ಪೆಟ್ಟಿಗೆಯನ್ನೇ ಪ್ರೀತಿಯಿಂದ ನೋಡುತ್ತ ನಿಲ್ಲುತ್ತೇನೆ. ಅದೆರಿತೊ ಹುಡುಗನಾಗಿದ್ದ ಕಾಲದಲ್ಲಿ ದರ ಕೂಗುತ್ತಿದ್ದವನು ಅವನ ಅಪ್ಪ. ಅಪ್ಪನ ಜೊತೆ ಬರುತ್ತಿದ್ದ ಮಗ ಮೀನು ನೋಡದೆ ನನ್ನ ಮೋರೆ ನೋಡುತ್ತ ಕೂರುತ್ತಿದ್ದ. ಹುಡುಗ ಮಂಕು ಎಂದುಕೊಂಡಿದ್ದೆ.

ಇದನ್ನೆಲ್ಲ ಗಾಸ್ಪಾರನಿಗೆ ಬಿಡಿಸಿ ಹೇಳಿ ಪ್ರಯೋಜನವಿರಲಿಲ್ಲ. ಮೀನು ತಾಜಾ ಎಂದು ಮಾರುವವಳು ಹೇಳಿದರೆ ಗಿರಾಕಿ ನಂಬುವುದಿಲ್ಲ, ಇನ್ನೊಬ್ಬ ಗಿರಾಕಿ ಬುಟ್ಟಿಗೆ ಇಣುಕಿದರೆ ಕೂಡಲೇ ನಂಬುತ್ತಾನೆ. ಹೊಳೆ ಕಡಲು ಸೇರುವ ಅಳಿವೆಯ ಆಚೆ ದಡದಲ್ಲಿ ಬೆಲ್ಮಿರೊ ಎಂಬವನದು ಊಟದ ಹೋಟೆಲು. ಅಲ್ಲಿನ ಕ್ಲಬ್ಬನ್ನು ನಡೆಸುವವನೂ ಅವನೇ. ನಮ್ಮವರಿಗೂ ಅವರಿಗೂ ಅಜ್ಜಂದಿರ ಕಾಲದಿಂದ ಆಗಿಬರುವುದಿಲ್ಲ. ಅವನು ಆಕ್ಟೋಪಸ್ ಕೊಳ್ಳುವುದು ನನ್ನ ಹತ್ತಿರ. ಮುಂದಿನ ಭಾನುವಾರ ಕೊಳ್ಳಲು ಬಂದವನನ್ನು ಮೈದಾನದ ಬಾಗಿಲಿಗೆ ಕರೆದೊಯ್ದೆ.

"ಆಟ ಮುಗಿಯೋವರೆಗೂ ಆಕ್ಟೋಪಸ್ ಕೊಡಲ್ಲ" ಎಂದೆ. "ಹೋಗಿ ಕೂತ್ಕೊ. ಚೆಂಡು ನೋಡ್ಬೇಡ, ನಮ್ಮ ಆರನೇ ನಂಬರನ್ನೇ ನೋಡು. ಅವ್ನು ಏನ್ ಮಾಡ್ತಾನೆ ಅಂತ ಕೊನೇಲಿ ನಂಗೆ ಹೇಳ್ಬೇಕು."

"ವಯಸ್ಸಾಯ್ತು ನಿಂಗೆ ತಿಯಾ."

"ಆಕ್ಟೋಪಸ್ಸಿಗಿನ್ನೂ ಆಗಿಲ್ಲ. ಹೋಗು."

ಹೋದ. ವಿರಾಮದ ಹೊತ್ತಿಗೆ ಗಾಸ್ಪಾರ್ ಬೆವರು ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದ.

"ಆ ಬೆಲ್ಮಿರೊ ಯಾಕ್ ಬಂದಿದಾನೆ? ಚೆಂಡು ಆ ಮೂಲೇಲಿದ್ರೂ ಅದೆರಿತೊನ್ನೇ ನೋಡ್ತಾನೆ!"

"ಆಕ್ಟೋಪಸ್ ತಗೊಳಕ್ಕೆ ಬಂದಿದಾನೆ."

"ನನ್ ಕಿವಿಗೆ ಹೂ ಇಡ್ಬೇಡ."

ನಾನು ಹೇಳಿದ್ದು ಪೂರಾ ನಿಜ. ನಿಜ ಹೇಳಿದಾಗ ನನ್ನನ್ನು ಯಾರೂ ನಂಬುವುದಿಲ್ಲ, ಆ ನಷ್ಟವನ್ನೂ ವ್ಯಾಪಾರಕ್ಕೆ ಬಳಸಿಕೊಳ್ಳಬೇಕಾಗುತ್ತದೆ. ಆಟ ಮುಗಿದ ಕೂಡಲೇ ಗಾಸ್ಪಾರ್ ಅದೆರಿತೊನ ಹೆಗಲಿಗೆ ಕೈ ಹಾಕಿ, ನಾಳೆ ಅಂಗಡಿಗೆ ಬಾ, ಇನ್ನೊಂದು ವರ್ಷಕ್ಕೆ ಸಹಿ ಹಾಕೋಣ ಎಂದ.

ಅಲ್ಲಿಗೆ ನನ್ನ ಕೆಲಸ ಮುಗಿಯಬೇಕಿತ್ತು. ಆದರೆ ಬೆಲ್ಮಿರೊ ಆಕ್ಟೋಪಸ್ಸಿನ ಮಾತೇ ಎತ್ತಲಿಲ್ಲ.

"ಅವ್ನು ಏನೂ ಮಾಡಲ್ಲ ತಿಯಾ" ಎಂದ, ನಿಧಾನವಾಗಿ. "ಬೇರೆಯೋರು ಮಾಡ್ಬೇಕು ಅಂದ್ಕೊಂಡಿದ್ದನ್ನ ಮಾಡಕ್ಕೆ ಬಿಡಲ್ಲ. ಇಷ್ಟ್ ವರ್ಷ ಆಟ ನೋಡಿದೀನಿ, ಇದನ್ನ ನೋಡಿರ್ಲಿಲ್ಲ." ಹಾಗೆಂದವನೇ ಮೈದಾನಕ್ಕಿಳಿದು, ಗಾಸ್ಪಾರನ ಕಣ್ಣೆದುರೇ, ಅದೆರಿತೊಗೆ ಎರಡು ವರ್ಷದ ಮಾತು ಕೊಟ್ಟ. ಸಂಬಳವೂ ಹೆಚ್ಚು. ಆಡುವುದು ಮುಗಿದ ಮೇಲೆ ಹುಡುಗರಿಗೆ ಕಲಿಸುವ ಕೆಲಸ. ಅಂದರೆ ಮಳೆಕೋಟಿಗೆ ಶಾಶ್ವತ ವಿದಾಯ. ಇದಾಲಿನಾ ಕಣ್ಣೊರೆಸಿಕೊಂಡಳು. ಸುಳ್ಳು ಗಿರಾಕಿಯಾಗಿ ನಾನು ಕೂರಿಸಿದವನು ಬುಟ್ಟಿಯನ್ನೇ ಎತ್ತಿಕೊಂಡು ಹೊರಟಿದ್ದ.

ಅದೆರಿತೊ ಕೇಳಿದ್ದು ಒಂದೇ ಮಾತು. "ದಿನಾ ಅಲ್ಲಿಗೆ ಬರೋದು ಹೇಗೆ?"

"ಹೇಗೆ ಅಂದ್ರೆ? ಫೆರ್ರಿ ಇದ್ಯಲ್ಲ."

"ಅಲ್ಲಾಡತ್ತಾ?"

"ಕಾರು, ಲಾರಿ ಎಲ್ಲಾ ಹತ್ತತ್ತೆ ಅದಕ್ಕೆ. ಚರ್ಚ್ ಥರ ನಿಂತಿರತ್ತೆ ಮಾರಾಯ."

"ಚರ್ಚಿನ ಅಡಿ ನೀರಿರಲ್ವಲ್ಲ."

ರಸ್ತೆಯಲ್ಲಿ ಅಳಿವೆ ಸುತ್ತಿ ಹೋದರೆ ದಿನವೇ ಕಳೆಯುತ್ತದೆ. ಮನೆ ಬದಲಿಸೋಣವೆಂದರೆ ಇದಾಲಿನಾಗೆ ಇಲ್ಲಿನ ಬೂತಾಯಿ ಮೀನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಕೆಲಸ. ಕೊನೆಗೆ ಗಂಡ ಹೆಂಡಿರು ಸೋಮವಾರ ಬೆಳಿಗ್ಗೆ ಒಮ್ಮೆ ಫೆರ್ರಿ ಹತ್ತಿ ನೋಡುವುದೆಂದಾಯಿತು. ಗಾಳಿ ಇರಲಿಲ್ಲ, ನೀರು ತಟ್ಟೆಗೆ ಬಡಿಸಿದ ಎಣ್ಣೆಯ ಹಾಗಿತ್ತು. ನಾನು ಕಟ್ಟೆಯಿಂದಲೇ ನೋಡುತ್ತಿದ್ದೆ. ಗಾಸ್ಪಾರನೂ ಬಣ್ಣದ ಅಂಗಡಿಯ ಬಾಗಿಲಲ್ಲಿ ನಿಂತು, ಮತ್ತೆಲ್ಲೋ ನೋಡುವವನ ಹಾಗೆ, ಅದನ್ನೇ ನೋಡುತ್ತಿದ್ದ.

ಫೆರ್ರಿ ಹೋಗಿ ಬಂತು. ಮೊದಲು ಇಳಿದವನು ಅದೆರಿತೊ. ಎರಡು ದಿನದ ಹಿಂದಿನ ಬೊಂಡಾಸು ಮೀನಿನ ಬಣ್ಣಕ್ಕೆ ತಿರುಗಿದ್ದ. ಹಿಂದೆ ಇದಾಲಿನಾ ಅವನ ಟೋಪಿಯನ್ನು ಬೆರಳ ತುದಿಯಲ್ಲಿ ದೂರ ಹಿಡಿದುಕೊಂಡು ಬರುತ್ತಿದ್ದಳು. ಆ ಟೋಪಿ ಆಮೇಲೆ ಯಾರ ತಲೆಯ ಮೇಲೂ ಕಾಣಿಸಲಿಲ್ಲ. ಅವನು ಯಾರನ್ನೂ ಮಾತಾಡಿಸದೆ ನೇರ ಬಣ್ಣದ ಅಂಗಡಿಗೆ ನಡೆದು, ಕುರ್ಚಿ ಹಿಡಿದುಕೊಂಡು, ಒಂದು ವರ್ಷಕ್ಕೆ ಸಹಿ ಹಾಕಿದ. ಬೆಲ್ಮಿರೊನ ಬಾಯಿಂದ ತುತ್ತು ಕಸಿದುಕೊಂಡೆ ಎಂದು ಗಾಸ್ಪಾರ್ ಇವತ್ತಿಗೂ ಕಾಫಿಕಟ್ಟೆಯಲ್ಲಿ ಹೇಳಿಕೊಳ್ಳುತ್ತಾನೆ. ಹೇಳಲಿ. ಮಾವ ಮಾತ್ರ ಕೋಟನ್ನು ಬಾಗಿಲ ಹಿಂದಿನಿಂದ ತೆಗೆದು ಪೆಟ್ಟಿಗೆಯೊಳಗೆ ಮಡಿಸಿಟ್ಟಿದ್ದಾನೆ. ಬಿಸಾಡಿಲ್ಲ.

ಮುಖಕ್ಕೆ ಬಣ್ಣ ಮರಳಿದ ಮೇಲೆ ಅದೆರಿತೊ ಒಂದು ದಿನ ನನ್ನ ಕಟ್ಟೆಗೆ ಬಂದ. ನಂಗನ್ನು ಎತ್ತಿ ಕಿವಿರು ಬಿಡಿಸಿ ನೋಡಿದ, ಇಟ್ಟ, ಮತ್ತೆ ಎತ್ತಿದ.

"ತಿಯಾ, ಸ್ವಲ್ಪ ಕಮ್ಮಿ ಮಾಡಿ."

"ಇದಕ್ಕೆ ಕಮ್ಮಿ ಇಲ್ಲ."

"ನನ್ ಮುಖ ನೋಡಿ ಆದ್ರೂ?"

"ನಿನ್ ಮುಖ ಫೆರ್ರಿ ಇಳಿಯೋವಾಗ ನೋಡಿದ್ದೇ ಸಾಕು."

ನಿಟ್ಟುಸಿರು ಬಿಟ್ಟ. "ಹೋಗ್ಲಿ, ಆ ಬಂಗುಡೆನೇ ಏನೋ ಒಂದ್ ದರ ಹಾಕಿ ಕೊಟ್ ಬಿಡಿ." ನಂಗು ಉಳಿಸಿಕೊಂಡ ಖುಷಿಯಲ್ಲಿ ಬಂಗುಡೆಯನ್ನು ಅವನು ಕೇಳಿದ ದರಕ್ಕೆ ಸುತ್ತಿಕೊಟ್ಟೆ. ಅವನು ಚರ್ಚಿನ ಮೂಲೆ ತಿರುಗಿದ ಮೇಲೆ ನೆನಪಾಯಿತು, ಆ ಮನೆಯಲ್ಲಿ ಯಾರೂ ನಂಗು ತಿನ್ನುವುದೇ ಇಲ್ಲ.