ಚಿಕ್ಕಸಿದ್ದಮ್ಮನ ಹಿತ್ತಲ ತಿಪ್ಪೆ

ಬೆಟ್ಟದಪುರದ ಚಿಕ್ಕಸಿದ್ದಮ್ಮನಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಏನಾದರೂ ಹೇಳಬೇಕಾದರೆ ಬಲಗಡೆ ಹೋಗಿ ನಿಲ್ಲಬೇಕಿತ್ತು. ಆ ಕಿವಿ ಹೋದದ್ದು ಒಂದು ತಿಪ್ಪೆಯ ದೆಸೆಯಿಂದ.

ಗಂಡ ದೇವಯ್ಯ ಸತ್ತು ತಿಥಿ ಮುಗಿದದ್ದೇ ತಡ, ಪಕ್ಕದ ಮನೆಯಲ್ಲಿದ್ದ ಅವನ ಅಣ್ಣ, ಇವಳ ಭಾವ ಅಂಕಯ್ಯ ತನ್ನ ಕೊಟ್ಟಿಗೆಯ ಸಗಣಿ, ಒಲೆಯ ಬೂದಿ, ಒಡೆದ ಮಡಕೆ ಎಲ್ಲವನ್ನೂ ತಂದು ಇವಳ ಹಿತ್ತಲಿಗೆ ಸುರಿಯತೊಡಗಿದ. ಆ ಊರಲ್ಲಿ ತಿಪ್ಪೆ ಯಾರದೋ ಜಾಗವೂ ಅವರದೇ; ದೀಪಾವಳಿಯಲ್ಲಿ ತಿಪ್ಪೆಯ ಮೇಲೆ ದೀಪ ಇಟ್ಟವರನ್ನು ಎಬ್ಬಿಸುವವರಿಲ್ಲ. ಅಂಕಯ್ಯನ ಹೆಂಡತಿ ರಾಮಮ್ಮ ವರ್ಷವೂ ತಪ್ಪದೆ ದೀಪ ಇಟ್ಟಳು. ತಿಪ್ಪೆ ಬೆಳೆದು ಹಿಂಗೋಡೆಗೆ ಒರಗಿತು. ಕೊಳಕು ನೀರು ಇಳಿದು ಗೋಡೆಯ ಮಣ್ಣು ಉಬ್ಬಿತು. ಇನ್ನೊಂದು ಮಳೆ ಹಿಡಿದರೆ ಗೋಡೆ ಬಿದ್ದು ಮನೆ, ಹಿತ್ತಲು ಎರಡೂ ಅಂಕಯ್ಯನ ಪಾಲು. ಅವನ ಎಣಿಕೆಯೂ ಅದೇ, ಪಾಪಿ!

"ಭಾವ, ಗೋಡೆ ಬೀಳ್ತದೆ. ನಿಮ್ಮ ದಮ್ಮಯ್ಯ, ತಿಪ್ಪೆ ತಗೀರಿ" ಎಂದು ಒಮ್ಮೆ ಕೇಳಿದ್ದಕ್ಕೆ ಅವನು ಬಾರುಕೋಲು ತಿರುಗಿಸಿ ಅದರ ಬುಡದಿಂದ ಕಪಾಳಕ್ಕೆ ಬಾರಿಸಿದ. ಕಿವಿಯಿಂದ ರಕ್ತ ಇಳಿಯಿತು. ಅವತ್ತಿನಿಂದ ಆ ಕಿವಿ ಕಿವುಡು. ಊರವರು ನೋಡಿದರು, ನೋಡಿ ಸುಮ್ಮನಾದರು. ಅವರಿಗೇನು!

ಆ ವರ್ಷ ಪಿರಿಯಾಪಟ್ಟಣದ ಕಡೆ ಪ್ಲೇಗು ಬಿತ್ತು. ಮನೆಗೆ ತಾಗಿದ ತಿಪ್ಪೆ ಎತ್ತದವರಿಗೆ ಹುಣಿಸೆ ಬರಲಿನ ಏಟು ಎಂದು ಪಟೇಲ ಲಿಂಗಯ್ಯ ತಮಟೆ ಹೊಡೆಸಿದ. ಇವಳ ಹಿತ್ತಲಲ್ಲಿ ಇಲಿ ಸತ್ತುಬಿದ್ದ ಸುದ್ದಿ ಕೇಳಿ ತಳವಾರನನ್ನು ಕರೆದುಕೊಂಡು ಬಂದೇಬಿಟ್ಟ.

"ಯಾರ್ದಲಾ ಈ ತಿಪ್ಪೆ?"

ತಳವಾರನ ಕೈಯ ಹುಣಿಸೆ ಬರಲು ನೋಡಿ ಅಂಕಯ್ಯನ ಜೀವ ಬಾಯಿಗೆ ಬಂತು. "ನಂದಲ್ಲ ಸ್ವಾಮಿ! ಇತ್ಲು ಅವಳ್ದು, ತಿಪ್ಪೆನೂ ಅವಳ್ದೇಯ."

ಪಟೇಲ ಚಿಕ್ಕಸಿದ್ದಮ್ಮನತ್ತ ತಿರುಗಿದ. ಅಲ್ಲವೆಂದಿದ್ದರೆ ಬೆನ್ನು ಉಳಿಯುತ್ತಿತ್ತು, ಹಿತ್ತಲು ಹೋಗುತ್ತಿತ್ತು.

"ಊ ಸ್ವಾಮಿ, ನಂದೇಯ" ಎಂದಳು.

ತಳವಾರ ಬೀಸಿದ. ಸೀರೆ ನೆತ್ತರಾಗಿ ಬೆನ್ನಿಗೆ ಅಂಟಿತು. ಉಬ್ಬಿದ ಗೋಡೆಯನ್ನೇ ಹಿಡಿದು ನಿಂತು ಅಷ್ಟೂ ಏಟು ತಿಂದಳು.

ಬೆಳಗಾಗುತ್ತಲೇ ಅದೇ ಬೆನ್ನಿನಲ್ಲಿ ಗುದ್ದಲಿ ಹಿಡಿದು ತಿಪ್ಪೆ ಅಗೆದಳು. ಮಂಕರಿಗೆ ತುಂಬಿ ತನ್ನ ರಾಗಿ ಹೊಲಕ್ಕೆ ಹೊರತೊಡಗಿದಳು. ವರ್ಷಗಟ್ಟಲೆ ಕೊಳೆತ ಬಂಗಾರದಂಥ ಗೊಬ್ಬರ ಕಣ್ಣೆದುರೇ ಹೋಗುವಾಗ ಅಂಕಯ್ಯನಿಗೆ ತಾನು ನಿನ್ನೆ ಆಡಿದ್ದೇನೆಂದು ಹೊಳೆಯಿತು. ದೊಣ್ಣೆ ಹಿಡಿದು ನುಗ್ಗಿದ.

"ಮುಂಡೆ, ನನ್ನ ತಿಪ್ಪೆ ಮುಟ್ತೀಯಾ?"

ಏಟು ಅವಳ ಭುಜಕ್ಕೆ ಬಿತ್ತು. ಇನ್ನೊಂದು ಎತ್ತುವಷ್ಟರಲ್ಲಿ ಗುದ್ದಲಿಯ ಹಿಂಬದಿ ಅವನ ಬಲಗೈ ಮೇಲೆ ಇಳಿಯಿತು. ಮೂಳೆ ಲಟಕ್ಕೆಂದು ಮುರಿಯಿತು. ಅವನು ತಿಪ್ಪೆಯ ಮೇಲೆ ಉರುಳಿಬಿದ್ದ. ಅವಳು ಬಿಡಲಿಲ್ಲ. ಎದೆಯ ಮೇಲೆ ಕಾಲಿಟ್ಟು, ತುಂಬಿದ ಮಂಕರಿಯನ್ನು ಅವನ ಮುಖಕ್ಕೇ ಸುರಿದಳು.

"ನಿಮ್ದಾದ್ರೆ ತಿನ್ನಿ ಭಾವ! ತಿನ್ನಿ!"

ರಾಮಮ್ಮ ಓಡಿಬಂದು ಕಾಲು ಹಿಡಿದು ಗೋಗರೆದ ಮೇಲೆ ಗುದ್ದಲಿ ಕೆಳಗಿಟ್ಟಳು. ಸಂಜೆ ಪಂಚಾಯ್ತಿ ಸೇರಿತು. "ನೀನೇ ಅಲ್ವೇನ್ಲಾ ಅವಳ್ದು ಅಂದೋನು?" ಎಂದು ಅಂಕಯ್ಯನನ್ನು ಕೇಳಿ, ಪಟೇಲ ತಿಪ್ಪೆ, ಹಿತ್ತಲು ಎರಡೂ ಅವಳವೇ ಎಂದು ತೀರ್ಮಾನಿಸಿದ. ಅಂಕಯ್ಯನ ಮುರಿದ ಕೈ ಸೊಟ್ಟಗೇ ಕೂಡಿಕೊಂಡಿತು.

ತಿಪ್ಪೆ ಇದ್ದ ಜಾಗದಲ್ಲಿ ಕುಂಬಳ ಹಬ್ಬಿತು. ಇಡೀ ಕುಂಬಳಕಾಯಿಗೆ ಹೆಂಗಸು ಕತ್ತಿ ಹಾಕಬಾರದು, ಗಂಡಸೇ ಒಡೆದುಕೊಡಬೇಕು ಎಂಬುದು ಊರ ಕಟ್ಟಳೆ. ದೇವಯ್ಯನಿಲ್ಲದ ಮೇಲೆ ಒಡೆಯಬೇಕಾದವನು ಭಾವ. ಮೊದಲ ಕಾಯಿಯನ್ನು ಅವಳು ಬೇಲಿಯ ಪಕ್ಕಕ್ಕೆ ತಂದಿಟ್ಟಳು. ಆಚೆ ಅಂಕಯ್ಯ ಸೊಟ್ಟ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದ. ಅವನನ್ನೊಮ್ಮೆ ನೋಡಿ, ಮಚ್ಚು ಎತ್ತಿ ತಾನೇ ಒಡೆದಳು. ಅವನು ಬೆಚ್ಚಿಬಿದ್ದು ಎದ್ದು ಒಳಗೆ ಹೋದ.