ನೆಲಮಾಳಿಗೆಯ ಕಾವಮ್ಮ

ಬೆಳಕು ಹರಿಯುವ ಮುನ್ನವೇ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಗೋಡೆಗೆ ನೇತುಹಾಕಿದ ಹಿತ್ತಾಳೆಯ ಗಂಟೆ ಅಲುಗುತ್ತದೆ. ಕಂಬಳಿ ಹೊದ್ದು ಒರಗಿದ್ದ ಕಾವಮ್ಮ ಕಣ್ಣು ಬಿಡುತ್ತಾರೆ. ಥಂಡಿಗೆ ಊರೆಲ್ಲ ಕಾಲುಚೀಲ ಹುಡುಕುವ ಹೊತ್ತಿನಲ್ಲಿ ಅವರು ಹಾಕಿಕೊಂಡಿರುವುದನ್ನೂ ಬಿಚ್ಚುತ್ತಾರೆ. ಕಂಬಳಿ ಮಡಿಸಿ ಪಕ್ಕಕ್ಕಿಟ್ಟು, ಸವೆದು ನಡುವೆ ತಗ್ಗುಬಿದ್ದ ಮರದ ಮಣೆಯ ಮೇಲೆ ಕೂತು, ಎರಡೂ ಅಂಗಾಲುಗಳನ್ನು ನೆಲದ ತಾಮ್ರದ ತಗಡಿಗೆ ಒತ್ತುತ್ತಾರೆ. ತಗಡಿನಿಂದ ಹೊರಟ ಹೆಬ್ಬೆರಳು ಗಾತ್ರದ ಸರಳೊಂದು ಚಾವಣಿಯನ್ನು ತೂರಿ ಮೇಲಿನ ಶಸ್ತ್ರಚಿಕಿತ್ಸೆಯ ಕೋಣೆಗೆ ಹೋಗಿದೆ. ಅಲ್ಲಿ ಯಾರೋ ರಕ್ತ ಸುರಿಸುತ್ತ ಮಲಗಿದ್ದಾರೆ. ಮಂತ್ರವೈದ್ಯರು ಗಂಟಲು ಸರಿಮಾಡಿಕೊಳ್ಳುತ್ತಿದ್ದಾರೆ.

"ಬಂತು," ಎನ್ನುತ್ತಾರೆ ಕಾವಮ್ಮ. ಕಾಲ್ಬೆರಳುಗಳು ಬಿಳಿಚಿಕೊಳ್ಳುತ್ತವೆ, ಆಮೇಲೆ ನೀಲಿಗಟ್ಟುತ್ತವೆ. ಬಾಯಿಂದ ಬರುವ ಉಸಿರಿನ ಆವಿ ತೆಳ್ಳಗಾಗುತ್ತ ಹೋಗಿ ಕಾಣದಂತಾಗುತ್ತದೆ. ಸ್ವಲ್ಪ ಹೊತ್ತಿಗೆ ಚಾವಣಿಯ ಮೇಲೆ ದಡದಡ ಹೆಜ್ಜೆಗಳು, ಯಾರೋ ಖುಷಿಗೆ ಅಳುವ ಸದ್ದು. ಮೇಲೆ ಮಲಗಿದ್ದವರು ಬದುಕುಳಿದರು. ಹೆಜ್ಜೆಗಳೆಲ್ಲ ಮಂತ್ರವೈದ್ಯರ ಕಡೆಗೆ ಸಾಗುತ್ತವೆ. ಕೆಳಗಿಳಿಯುವ ಮೆಟ್ಟಿಲ ಮೇಲೆ ಒಂದೂ ಕೇಳಿಸುವುದಿಲ್ಲ.

ಮಂತ್ರವೆಂದರೆ ಇಲ್ಲದ್ದನ್ನು ಹುಟ್ಟಿಸುವ ವಿದ್ಯೆ ಎಂದೇ ಹೆಚ್ಚಿನವರು ತಿಳಿದಿದ್ದಾರೆ. ಅದು ಏನನ್ನೂ ಹುಟ್ಟಿಸುವುದಿಲ್ಲ. ಒಂದು ಕಡೆಯ ಕಾವನ್ನು ಇನ್ನೊಂದು ಕಡೆಗೆ ಸಾಗಿಸುತ್ತದೆ, ಅಷ್ಟೇ. ಬೀದಿದೀಪ ಹೊತ್ತಿಸುವವನು ತನ್ನ ಅಂಗೈಯ ಕಾವಿನಲ್ಲೇ ಕೆಲಸ ಮುಗಿಸಿ ಕೈ ಉಜ್ಜಿಕೊಳ್ಳುತ್ತಾನೆ. ಇಸ್ತ್ರಿಯವನು ಬಿಸಿಲಿಗಿಟ್ಟ ಕಲ್ಲಿನಿಂದ ಎಳೆದುಕೊಳ್ಳುತ್ತಾನೆ. ಹರಿದ ನರ ಕೂಡಿಸುವುದಕ್ಕೆ, ನಿಂತ ಗುಂಡಿಗೆ ಎಬ್ಬಿಸುವುದಕ್ಕೆ ಮಾತ್ರ ಕಲ್ಲಿನ ಕಾವು ಒಗ್ಗುವುದಿಲ್ಲ, ಮನುಷ್ಯರದೇ ಬೇಕು. ಮಂತ್ರ ಹೇಳುವವರು ತಾವೇ ಕೊಟ್ಟರೆ ನಾಲಿಗೆ ಮರಗಟ್ಟಿ ಅರ್ಧದಲ್ಲೇ ನಿಂತುಹೋಗುತ್ತದೆ. ಹಾಗಾಗಿ ಕೆಳಗೊಬ್ಬರು ಕೂರಬೇಕು. ಈ ಊರಿನ ಆಸ್ಪತ್ರೆಯಲ್ಲಿ ಹಾಗೆ ಕೂತವರು ಕಾವಮ್ಮ. ಇದು ಅವರ ಹೆಸರಲ್ಲ, ಮೇಲಿನವರು ಇಟ್ಟದ್ದು. ಹೊಸ ದಾದಿಯರು ತಮಾಷೆಗೆ "ಕೋಳಿ ಕಾವಿಗೆ ಕೂತಿದೆಯಾ?" ಎಂದು ಮೆಟ್ಟಿಲ ಮೇಲಿಂದಲೇ ಕೂಗುವುದುಂಟು.

"ಕೋಳಿಗಾದ್ರೂ ಮೂರು ವಾರಕ್ಕೆ ಮರಿ ಮುಖ ಕಾಣತ್ತೆ," ಎನ್ನುತ್ತಾರೆ ಕಾವಮ್ಮ. ನಗಲು ತುಟಿ ಇನ್ನೂ ಬಗ್ಗುತ್ತಿಲ್ಲ.

ದಿನಕ್ಕೆ ಆರೇಳು ಸಲ ಗಂಟೆ ಅಲುಗುತ್ತದೆ. ಪ್ರತಿ ಸಲವೂ ಕಳೆದ ಕಾವು ಮರಳಿ ಕೂಡಲು ಬಿಸಿನೀರು, ಕಂಬಳಿ, ಒಂದಷ್ಟು ಹೊತ್ತು ಬೇಕು. ಮೇಲೆ ಮಲಗಿದವರನ್ನು ಅವರು ಒಮ್ಮೆಯೂ ಕಂಡಿಲ್ಲ, ಆದರೆ ಕಾಲಿನಿಂದಲೇ ಗುರುತು ಹಿಡಿಯುತ್ತಾರೆ. ಮಕ್ಕಳು ಹಿಮ್ಮಡಿಯಿಂದ ಚೂರುಚೂರೇ ಎಳೆಯುತ್ತವೆ, ಸೆರಗು ಜಗ್ಗಿದ ಹಾಗೆ. ವಯಸ್ಸಾದವರದು ಸೊಂಟದಿಂದ, ನಿಧಾನ. "ಸಾಯೋರು ಎಳೆಯೋದನ್ನ ಬಿಟ್ಟುಬಿಡ್ತಾರೆ. ಮೇಲೆ ಇನ್ನೂ ಮಂತ್ರ ಹೇಳ್ತಾನೇ ಇರ್ತಾರೆ ಪಾಪ. ನನಗೆ ಇಲ್ಲೇ ಗೊತ್ತಾಗಿರತ್ತೆ. ಹೋಗಿ ಹೇಳೋಕಾಗತ್ತಾ? ಹೇಳಲಿ ಬಿಡು ಅಂತ ಸುಮ್ನೆ ಕೂತಿರ್ತೀನಿ."

ಈ ಕಸುಬಿನಲ್ಲಿ ಮೈಗಿಂತ ಮನಸ್ಸಿನದೇ ಕಷ್ಟ. ಕಾವು ಹೊರಡುವುದು ಮನಸ್ಸಿನ ದಾರಿಯಲ್ಲಿ. ಮಣೆಯ ಮೇಲಿದ್ದಾಗ ಯಾರನ್ನಾದರೂ ನೆನೆದರೆ, ಮಂತ್ರ ಆ ದಾರಿ ಹಿಡಿದು ಅವರಲ್ಲಿಗೂ ಹೋಗಿ ಎಳೆಯುತ್ತದೆ, ಅವರು ಎಷ್ಟೇ ದೂರವಿರಲಿ. ತಗಡಿನಿಂದ ಹೋದದ್ದು ತಿರುಗಿ ಕೂಡುತ್ತದೆ. ನೆನಪಿನ ದಾರಿಯಲ್ಲಿ ಹೋದದ್ದು ಕೂಡುವುದಿಲ್ಲ. ತನ್ನನ್ನೇ ನೆನೆದರೂ ಅಷ್ಟೇ, ಹೋದ ಭಾಗ ಹೋಯಿತು. ಅದಕ್ಕೇ ಕೂರುವವರೆಲ್ಲ ಮನಸ್ಸನ್ನು ಜೀವವಿಲ್ಲದ ಯಾವುದಾದರೊಂದು ವಸ್ತುವಿಗೆ ಕಟ್ಟಿಹಾಕುವುದನ್ನು ಮೊದಲು ಕಲಿಯುತ್ತಾರೆ. ಕಾವಮ್ಮ ಕಟ್ಟಿಹಾಕುವುದು ಸೀದು ತಳ ಹಿಡಿದ ಒಂದು ಪಾತ್ರೆಗೆ. ಕಣ್ಣು ಮುಚ್ಚಿ, ಬೂದಿ ಹಾಕಿ, ಮನಸ್ಸಿನಲ್ಲೇ ಅದನ್ನು ತಿಕ್ಕುತ್ತಾರೆ.

"ಪೂರ್ತಿ ಬೆಳ್ಳಗಾಗೋಕೆ ಬಿಡಲ್ಲ. ಬೆಳ್ಳಗಾದ್ರೆ ಅದರಲ್ಲಿ ಮುಖ ಕಾಣತ್ತೆ. ಯಾರ ಮುಖ ಕಾಣತ್ತೋ ಏನೋ."

ಆ ಭಯ ಎಲ್ಲಿಂದ ಬಂತೆಂದು ಅವರನ್ನು ಕೇಳಬೇಕಾಗಿಲ್ಲ. ಈ ಮಣೆಯ ತಗ್ಗನ್ನು ತೋರಿಸಿದರೆ ಅವರೇ ಹೇಳುತ್ತಾರೆ. ಅದರ ಅರ್ಧ ಸವೆತ ಅವರ ಗಂಡನದು. ಮಗಳಿಗೆ ಆಗ ಐದು ವರ್ಷ. ಒಂದು ಬೆಳಿಗ್ಗೆ ಅಪ್ಪನ ಬೂಟಿನೊಳಗೆ ಎರಡೂ ಕಾಲು ಇಳಿಸಿ, "ನಾನು ಕೆಲಸಕ್ಕೆ ಹೋಗ್ತೀನಿ, ಯಾರೂ ಗಲಾಟೆ ಮಾಡಬೇಡಿ" ಎಂದು ಮನೆಯೆಲ್ಲ ಕಾಲೆಳೆದುಕೊಂಡು ಸುತ್ತಿತ್ತು ಹುಡುಗಿ. ಮಣೆಯ ಮೇಲೆ ಕೂತವನಿಗೆ ಅದು ನೆನಪಾಗಿದೆ. ನಕ್ಕಿದ್ದಾನೆ. ಅತ್ತ ಬೀದಿಯಲ್ಲಿ ಹಗ್ಗದಾಟ ಆಡುತ್ತಿದ್ದ ಮಗಳು ಕುಸಿದು ಕೂತಿದ್ದಾಳೆ. ಅವಳ ಬಲಗೈ ಮೊಣಕೈಯಿಂದ ಕೆಳಗೆ ಇಂದಿಗೂ ಬೆಚ್ಚಗಾಗಿಲ್ಲ. ಬೆರಳಿಗೆ ಬಿಸಿ ತಿಳಿಯದು, ಸೂಜಿ ಚುಚ್ಚಿದರೂ ತಿಳಿಯದು.

"ಕೈ ಎತ್ತಿ ಹೊಡೆದಿದ್ರೆ ತಪ್ಪಾಯ್ತು ಮಗಳೇ ಅನ್ನಬಹುದಿತ್ತು. ನೆನಪು ಮಾಡ್ಕೊಂಡಿದ್ದಕ್ಕೆ ಏನಂತ ಕೇಳಲಿ, ಅಂತಿದ್ರು ನಮ್ಮನೆಯವರು. ಆಮೇಲೆ ಅದನ್ನೂ ಹೇಳೋದು ಬಿಟ್ರು. ಅವಳು ಎದುರಿಗೆ ಬಂದ್ರೆ ಗೋಡೆ ಕಡೆ ತಿರುಗ್ತಿದ್ರು. ಹಾಗೇ ತಿರುಗಿಕೊಂಡೇ ತೀರಿಹೋದ್ರು."

ಮಣೆ ಖಾಲಿಯಾಯಿತು. ಊರಲ್ಲಿ ಯಾರೂ ಮುಂದೆ ಬರಲಿಲ್ಲ. ಆಸ್ಪತ್ರೆಯವರು ಮನೆ ಬಾಗಿಲಿಗೆ ಬಂದರು. ಮನೆಯಲ್ಲಿ ಒಲೆ ಹೊತ್ತದೆ ಎರಡು ದಿನವಾಗಿತ್ತು. ಕಾವಮ್ಮ ಮಗಳನ್ನು ತಂಗಿಯ ಮನೆಗೆ ಬಿಟ್ಟು ಬಂದು ಕೂತರು. ಹುಡುಗಿ ಎರಡು ಬೀದಿ ಆಚೆ ಚಿಕ್ಕಮ್ಮನ ಮಡಿಲಲ್ಲಿ ಬೆಳೆಯಿತು. ತಾಯಿ ನೋಡಲು ಹೋಗಲಿಲ್ಲ. ಮೊದಮೊದಲು ಹೋಗಬಾರದೆಂದು ಹೋಗಲಿಲ್ಲ, ಆಮೇಲೆ ಹೋಗಲಾಗಲಿಲ್ಲ. ಒಮ್ಮೆ ಮಂತ್ರಕ್ಕೆ ತೆರೆದುಕೊಂಡ ಮೈ ಮತ್ತೆ ಮುಚ್ಚುವುದಿಲ್ಲ. ಅವರು ಬೀದಿಗಿಳಿದರೆ ದೀಪದವನ ಮಂತ್ರ ಅವರಿಂದಲೇ ಕಾವು ಎಳೆದುಕೊಳ್ಳುತ್ತದೆ; ಅವನ ಅಂಗೈ ಬೆಚ್ಚಗೇ ಉಳಿಯುತ್ತದೆ, ಇವರ ಮೊಣಕಾಲು ಕುಸಿಯುತ್ತದೆ. "ಹೊರಗಡೆ ಯಾರು ಯಾವಾಗ ಎಳೀತಾರೋ ಗೊತ್ತಾಗಲ್ಲ. ಆಗ ಮನಸ್ಸಲ್ಲಿ ಯಾರಿರ್ತಾರೋ ಅದೂ ಗೊತ್ತಾಗಲ್ಲ. ಇಲ್ಲಿ ಗಂಟೆಯಾದ್ರೂ ಹೊಡೀತಾರಲ್ಲ." ಹಾಗಾಗಿ ಊಟ, ನಿದ್ದೆ, ಬದುಕು ಎಲ್ಲ ಇದೇ ಕೋಣೆಯಲ್ಲಿ. ಕಿಟಕಿಯಿಲ್ಲ. ಮಗಳ ಮುಖ ಈಗ ಸರಿಯಾಗಿ ನೆನಪಿಲ್ಲವೆಂದು ಅವರು ಹೇಳುವ ರೀತಿಯಲ್ಲಿ ದುಃಖವಿಲ್ಲ. ಕಷ್ಟಪಟ್ಟು ಕಲಿತ ಪಾಠ ಒಪ್ಪಿಸುವವರ ದನಿ ಅದು.

ಮಗಳಿಗೆ ಮದುವೆಯಾಗಿದೆ, ಗಂಡನ ಮನೆಯೂ ಚಿಕ್ಕಮ್ಮನ ಬೀದಿಯಲ್ಲೇ. ಮೂರು ತಿಂಗಳ ಹಿಂದೆ ಕೂಸು ಹುಟ್ಟಿದೆ. ಬಾಣಂತಿಯ ಮೈ ಆರುವ ಮೊದಲೇ ಅವಳು ಅದನ್ನು ಎಡಗೈಯಲ್ಲಿ ಎತ್ತಿಕೊಂಡು ಈ ಮೆಟ್ಟಿಲಿಳಿದು ಬಂದಳು. ಬಾಗಿಲ ಆಚೆ ಮಗಳು, ಈಚೆ ತಾಯಿ.

"ಅಮ್ಮಾ, ಬಾಗಿಲು ತೆಗಿ."

"ತೆಗೆಯಲ್ಲ."

"ಒಂದೇ ಒಂದ್ಸಲ ನೋಡು. ನೋಡಿ ಮರೆತುಬಿಡು. ನನ್ನ ಮರೆತಿಲ್ವಾ?"

"ನಿನ್ನ ಮರೆಯೋಕೆ ಅರ್ಧ ಆಯುಷ್ಯ ಹೋಯ್ತು. ಇನ್ನೊಬ್ಬರನ್ನ ಮರೆಯೋವಷ್ಟು ಉಳಿದಿಲ್ಲ ಕಣೇ."

"ನಿನ್ನ ಮಣೆಗೆ ಬೆಂಕಿ ಹಾಕ!"

"ಹಾಕು ತಾಯಿ. ಬೆಚ್ಚಗಾದ್ರೂ ಆಗತ್ತೆ."

ಆಗ ಕೂಸು ಅತ್ತಿತು. ಕಾವಮ್ಮ ಎರಡೂ ಕಿವಿ ಮುಚ್ಚಿಕೊಂಡು, ಅಳುವಿನ ದನಿ ಮನಸ್ಸಿಗೆ ಅಂಟದಿರಲೆಂದು, ಜೋರಾಗಿ ಗುಂಯ್‌ಗುಡುತ್ತ ಕೂತರು. ಕೈ ತೆಗೆದಾಗ ಬಾಗಿಲಾಚೆ ಯಾರೂ ಇರಲಿಲ್ಲ.

ಅಂದಿನಿಂದ ಸುದ್ದಿ ತರುವುದು ಆಸ್ಪತ್ರೆಯ ಕಸ ಗುಡಿಸುವಾಕೆ. ಅವಳ ಮನೆ ಮಗಳ ಮನೆಗೆ ಅಂಟಿಕೊಂಡೇ ಇದೆ. ಒಪ್ಪಂದ ಇಷ್ಟು: ದಿನಾ ಬೆಳಿಗ್ಗೆ ಕೂಸಿನ ಕಾಲು ಮುಟ್ಟಿ ಬರಬೇಕು, ಬೆಚ್ಚಗಿತ್ತೋ ಇಲ್ಲವೋ ಹೇಳಬೇಕು. ಬೇರೆ ಒಂದಕ್ಷರ ಕೂಡದು. ಗಂಡೋ ಹೆಣ್ಣೋ ಎಂಬುದೂ ಕಾವಮ್ಮನಿಗೆ ಗೊತ್ತಿಲ್ಲ. ಬಾಯಿ ತುಂಬ ಮಾತಿರುವ ಹೆಂಗಸಿಗೆ ಇದು ಎಂಥ ಶಿಕ್ಷೆಯೆಂದು ನೋಡಿದವರಿಗೇ ಗೊತ್ತು.

ಈ ಬೆಳಿಗ್ಗೆ ಅವಳು ಪೊರಕೆ ಹಿಡಿದೇ ಒಳಬರುತ್ತಾಳೆ. ಮುಖದಲ್ಲಿ ನಗು ತುಳುಕುತ್ತಿದೆ.

"ಬೆಚ್ಚಗಿತ್ತಾ?"

"ಬೆಚ್ಚಗಿತ್ತು ಅಕ್ಕಾ. ಅಯ್ಯೋ, ಇವತ್ತು ನೋಡ್ಬೇಕಿತ್ತು ನೀವು! ಸೀನತ್ತೆ, ಸೀನಿ ತಾನೇ ಬೆಚ್ಚಿಬೀಳತ್ತೆ. ಆಮೇಲೆ ಯಾರಪ್ಪಾ ಸೀನಿದ್ದು ಅಂತ ಕಣ್ಣರಳಿಸಿ ಸುತ್ತ ನೋಡತ್ತೆ! ಕಿವಿ ಹಿಂದೆ ಸಾಸಿವೆಕಾಳಷ್ಟು ಮಚ್ಚೆ..."

ಅಲ್ಲಿಗೆ ನಿಲ್ಲುತ್ತಾಳೆ. ಕೈ ಬಾಯಿಗೆ ಹೋಗುತ್ತದೆ. ತಡವಾಗಿದೆ. ಕಾವಮ್ಮ ನಗುತ್ತಿದ್ದಾರೆ. ಭುಜ ಕುಲುಕುವ ಹಾಗೆ, ಕಣ್ಣಲ್ಲಿ ನೀರು ಬರುವ ಹಾಗೆ. "ಸುತ್ತ ನೋಡತ್ತಾ? ಯಾರು ಸೀನಿದ್ದು ಅಂತ?" ಎಂದು ಮತ್ತೆ ಮತ್ತೆ ಕೇಳುತ್ತಾರೆ. ಆಮೇಲೆ ಆ ನಗು ಮುಖದ ಮೇಲೆ ಹಾಗೇ ಉಳಿದು, ಅದರ ಕೆಳಗಿನದೆಲ್ಲ ಕುಸಿಯುತ್ತದೆ.

"ಎಂಥ ಕೆಲಸ ಮಾಡಿದೆಯೇ," ಎನ್ನುತ್ತಾರೆ. ಬೈಗುಳವಲ್ಲ.

ಗಂಟೆ ಅಲುಗುತ್ತದೆ.

ಮೆಟ್ಟಿಲ ಮೇಲಿಂದ ದಾದಿ ಕೂಗುತ್ತಾಳೆ: ಗಾರೆಯವನೊಬ್ಬ ಕಟ್ಟಡಕ್ಕೆ ಕಟ್ಟಿದ್ದ ಸಾರುವೆಯಿಂದ ಬಿದ್ದಿದ್ದಾನೆ, ಬೇಗ. ಕಸ ಗುಡಿಸುವಾಕೆ ಮಣೆಗೆ ಅಡ್ಡ ನಿಲ್ಲುತ್ತಾಳೆ. "ಇವತ್ತು ಬೇಡ ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ. ನಾನು ಕೂರ್ತೀನಿ."

"ನೀನು ಕೂತ್ರೆ ನಿನ್ನ ಮೂರು ಮಕ್ಕಳೂ ಸಾಲಾಗಿ ನೆನಪಾಗ್ತಾರೆ. ಆಚೆ ಸರಿ. ಮೇಲಿರೋನು ಯಾರ ಮಗನೋ ಏನೋ."

ಕೂರುತ್ತಾರೆ. ಅಂಗಾಲು ತಗಡಿಗೆ ಒತ್ತುತ್ತಾರೆ. ಕಣ್ಣು ಮುಚ್ಚಿ ಪಾತ್ರೆ ಹಿಡಿಯುತ್ತಾರೆ, ಬೂದಿ ಹಾಕುತ್ತಾರೆ, ತಿಕ್ಕುತ್ತಾರೆ. ಅದು ಇವತ್ತು ತಿಕ್ಕಿದ ಕಡೆಯೆಲ್ಲ ಹೊಳೆಯುತ್ತದೆ. ಹೊಳೆದಲ್ಲೆಲ್ಲ ಸಣ್ಣದೊಂದು ಮುಖ ಸೀನಲು ಸಿದ್ಧವಾಗುತ್ತಿದೆ. ತಡೆದಷ್ಟೂ ಹತ್ತಿರ ಬರುತ್ತದೆ. ಮೇಲೆ ಮಂತ್ರದ ಮೊದಲ ಸೊಲ್ಲು ಬಿದ್ದಾಗಿದೆ. ಉಳಿದದ್ದು ಒಂದೇ ದಾರಿ. ಮನಸ್ಸಿನಲ್ಲಿ ಕೂಸಿನ ಮುಖವಿದ್ದ ಜಾಗಕ್ಕೆ ಕಾವಮ್ಮ ಚಿಕ್ಕಂದಿನ ತಮ್ಮನ್ನೇ ತಂದು ನಿಲ್ಲಿಸುತ್ತಾರೆ: ಹೇನಾಯಿತೆಂದು ತಲೆ ಬೋಳಿಸಿಕೊಂಡ, ಮುಂದಿನ ಎರಡು ಹಲ್ಲು ಬಿದ್ದ ಹುಡುಗಿ. ಬಾ, ಇವಳನ್ನು ತಗೋ, ಎಂದು ಅವಳನ್ನೇ ಮುಂದಕ್ಕೆ ನೂಕುತ್ತಾರೆ. ಅವರ ಎರಡೂ ಅಂಗೈಗಳು ತೊಡೆಯ ಮೇಲೆ ನಿಧಾನವಾಗಿ ಬಿಳಿಚಿಕೊಳ್ಳುತ್ತವೆ. ಬಿಳುಪು ಮಣಿಕಟ್ಟು ದಾಟುತ್ತದೆ.

ನಡುವೆಯೇ ಅವರು ಕಣ್ಣು ತೆರೆಯುತ್ತಾರೆ.

"ಎಳೆಯೋದು ಬಿಟ್ಟುಬಿಟ್ಟ," ಎನ್ನುತ್ತಾರೆ.

ಮೇಲೆ ಮಂತ್ರ ಇನ್ನೂ ನಡೆದೇ ಇದೆ. ಎಷ್ಟೋ ಹೊತ್ತು ನಡೆಯುತ್ತದೆ. ಆಮೇಲೆ ನಿಲ್ಲುತ್ತದೆ.

ಕಸ ಗುಡಿಸುವಾಕೆ ಬಿಸಿನೀರಿನ ಲೋಟ ತಂದು ಅವರ ಕೈಯಲ್ಲಿಡುತ್ತಾಳೆ. ಲೋಟ ನೆಲಕ್ಕೆ ಬೀಳುತ್ತದೆ. ನೀರು ಬೆರಳ ಮೇಲೆ ಹರಿದು ಹಬೆಯಾಡುತ್ತದೆ. ಕಾವಮ್ಮ ಬೇರೆ ಯಾರದೋ ಕೈ ನೋಡುವ ಹಾಗೆ ಅದನ್ನು ನೋಡುತ್ತಾರೆ. ಎಂದಾದರೊಂದು ದಿನ ಆ ಬಾಗಿಲು ತೆರೆದು, ಯಾರಾದರೂ ಕೂಸನ್ನು ಈ ಕೈಗಳಲ್ಲಿ ಇಟ್ಟರೂ, ಅದು ಬೆಚ್ಚಗಿದೆಯೋ ಇಲ್ಲವೋ ಇನ್ನು ತಿಳಿಯುವುದಿಲ್ಲ. ಇವತ್ತೇ ಮತ್ತೆ ಗಂಟೆ ಅಲುಗುತ್ತದೆ. ಕಿವಿಯ ಹಿಂದಿನ ಮಚ್ಚೆ ಮನಸ್ಸಿನಲ್ಲಿ ಇದ್ದಲ್ಲೇ ಇರುತ್ತದೆ. ಅದರ ಮುಂದೆ ನಿಲ್ಲಿಸಲು ಆ ಬೋಳುತಲೆಯ ಹುಡುಗಿ ಇನ್ನೆಷ್ಟು ದಿನ ಸಿಗುತ್ತಾಳೆ?

"ಅಳೋದು ಆಮೇಲೆ," ಎನ್ನುತ್ತಾರೆ ಕಸ ಗುಡಿಸುವಾಕೆಗೆ. "ಓಡು. ಮುಟ್ಟಿ ನೋಡಿ ಬಾ. ಕಾಲಷ್ಟೇ ಅಲ್ಲ, ಪೂರ್ತಿ ಮುಟ್ಟು."

ಅವಳು ಪೊರಕೆ ಬಿಸಾಕಿ ಓಡುತ್ತಾಳೆ. ಎರಡು ಬೀದಿ ಹೋಗಿ ಬರಲು ಎಷ್ಟು ಹೊತ್ತು ಬೇಕೆಂದು ಕಾವಮ್ಮನಿಗೆ ಗೊತ್ತಿಲ್ಲ. ಆ ದಾರಿಯಲ್ಲಿ ಅವರು ನಡೆದು ಎಷ್ಟೋ ಕಾಲವಾಗಿದೆ. ಬಾಗಿಲನ್ನೇ ನೋಡುತ್ತ ಕೂರುತ್ತಾರೆ. ಕಂಬಳಿಯನ್ನೂ ಹೊದೆಯುವುದಿಲ್ಲ. ಬಾಗಿಲು ತಳ್ಳಿಕೊಂಡು ಬಂದವಳಿಗೆ ಏದುಸಿರು.

"ಬೆಚ್ಚಗಿದೆ," ಎನ್ನುತ್ತಾಳೆ ಕೊನೆಗೆ. "ಅಂಗಾಲು, ಅಂಗೈ, ಹೊಟ್ಟೆ, ಬೆನ್ನು, ಎಲ್ಲಾ ನೋಡಿದೆ ಅಕ್ಕಾ. ಏನೂ ಆಗಿಲ್ಲ. ಕತ್ತಿನ ಹತ್ರ ಬೆವರೇ ಬಂದಿತ್ತು."

ಕಾವಮ್ಮನ ಬಿಳಿಚಿದ ಕೈಗಳು ತೊಡೆಯ ಮೇಲೆ ಅಂಗಾತ ಬಿದ್ದಿವೆ.

"ಬೆವರ್ತಾ ಇತ್ತಾ?" ಎನ್ನುತ್ತಾರೆ. "ಹಾಗಾದ್ರೆ ಜಾಸ್ತಿ ಹೊದಿಸಿದ್ದಾಳೆ. ತಲೆಗೆ ಟೋಪಿ ಬೇರೆ ಹಾಕಿರ್ತಾಳೆ. ತೆಗೆಯೋಕೆ ಹೇಳು, ಕೂಸಿಗೆ ಸೆಕೆಯಾಗತ್ತೆ. ನಾನು ಹೇಳ್ದೆ ಅಂತ ಮಾತ್ರ ಹೇಳ್ಬೇಡ."